ಒಲಿ ಮುಂದ ಕುಂತಾಕಿಗೂ ಹಬ್ಬ ಬರಬೇಕು

ಡಿಸೆಂಬರ್ ಬಂತಂದ್ರ ಸಾಕು, ಓಣ್ಯಾಗ ನನ್ನ ಕಂಡೋರೆಲ್ಲಾ ಕೇಳೋ ಮಾತು ಒಂದೇ: "ಏನ್ರೀ ಅಕ್ಕಾರೆ, ಹಬ್ಬದ ತಯಾರಿ ಎಲ್ಲಿಗಿ ಬಂತು?" ಕೇಳೋರು ಪ್ರೀತಿಲೆ ಕೇಳ್ತಾರ, ಅದರಾಗ ತಪ್ಪಿಲ್ಲ. ನಾನೂ ಪ್ರೀತಿಲೇ ಹೇಳ್ತೀನಿ: ಸುಣ್ಣ ಆಗ್ಯದ, ಉಂಡಿ ಆಗಿಲ್ಲ, ಹುಡುಗರ ಅರಿವಿ ಹೊಲೀಲಾಕ ಕೊಟ್ಟೀನಿ, ಇನ್ನಾ ಬಂದಿಲ್ಲ. ಈ ಲೆಕ್ಕ ಹೇಳ್ಕೋತ ಹೇಳ್ಕೋತ 25ನೇ ತಾರೀಖು ಬಂದೇ ಬಿಡ್ತದ. ಹಬ್ಬ ಎಲ್ಲಾರ ಮನಿಗೂ ಬರ್ತದ ಖರೇ. ಒಲಿ ಮುಂದ ಕುಂತ ಹೆಣ್ಮಗಳಿಗಿ ಬಂತೋ ಇಲ್ಲೋ ಅಂತ ಮಾತ್ರ ಯಾರೂ ಕೇಳಂಗಿಲ್ಲ. ಈ ಸಲ ಅದರ ಬಗ್ಗೇನೇ ನಾಕು ಮಾತು ಬರೀಬೇಕಂತ ಕುಂತೀನಿ.

ಓದೋರಾಗ ನಮ್ಮ ಸಭೆದವರಲ್ಲದ ಅಕ್ಕತಂಗೇರೂ ಭಾಳ ಮಂದಿ ಇದ್ದೀರಿ. ಅದಕ್ಕ ಮೊದಲ ಇದೊಂದು ಹೇಳ್ತೀನಿ. ಕ್ರಿಸ್‌ಮಸ್‌ಕಿಂತ ಮುಂಚಿನ ನಾಕು ಐತವಾರದ ದಿನಮಾನಕ್ಕ ನಾವು 'ಆಗಮನ ಕಾಲ' ಅಂತೀವಿ. ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗ ಯಾವ ಐತವಾರ ಬೀಳ್ತದೋ ಅಲ್ಲಿಂದ ಸುರು. ಒಂದೊಂದು ವರ್ಷ 22 ದಿನ, ಒಂದೊಂದು ವರ್ಷ 28 ದಿನ. ಆಗಮನ ಅಂದ್ರ ಬರೋದು. ಬರೋರು ಬರೋತನಕ ಮನಿ, ಮನಸ್ಸು ಎರಡೂ ಹಸನ ಮಾಡಿಕೊಂಡು ಹಾದಿ ಕಾಯೋದು. ಹಿಂದಿನ ಕಾಲದಾಗ ಇದು ಉಪವಾಸದ ಕಾಲ ಆಗಿತ್ತು. ಆರ್ಥೊಡಾಕ್ಸ್ ಸಭೆಯವರು ಈಗಲೂ ಕ್ರಿಸ್‌ಮಸ್‌ಕ್ಕ ಮುಂಚೆ 40 ದಿನ ಉಪವಾಸ ಹಿಡೀತಾರ. ನಮ್ಮ ಓಣಿ ಭಾಷಾದಾಗ ಹೇಳಬೇಕಂದ್ರ, ನಿಮಗ ಶ್ರಾವಣ ಇದ್ದಂಗ, ಬಾಜೂ ಮನಿ ಆಪಾಗ ರಂಜಾನ್ ಇದ್ದಂಗ. ಹಬ್ಬ ಒಂದೇ ದಿನ, ಅದಕ್ಕ ಮನಸ್ಸು ಹದ ಮಾಡಿಕೊಳ್ಳೋದು ಒಂದು ತಿಂಗಳು.

ಮಾತೇನೋ ಚಂದ ಅದ. ಆದರ ನಮ್ಮ ಭಾಗದಾಗ ಉಸರು ಬಿಡ್ಲಾಕೂ ಪುರಸತ್ತಿಲ್ಲದ ತಿಂಗಳು ಇದೇ. ಕಾಲುವಿ ನೀರು ಹರಿಯೋ ಕಡಿ ಭತ್ತದ ಕೊಯ್ಲು. ಎರಿ ಹೊಲದಾಗ ಹತ್ತಿ ಒಡದು ಬೆಳ್ಳಗ ನಿಂತಿರ್ತದ. ತೊಗರಿ ಒಣಗಲಾಕ ಹತ್ತಿರ್ತದ, ಇವತ್ತೋ ನಾಳಿಗೋ ಕೊಯ್ಯಬೇಕು, ರಾಶಿ ಮಾಡಬೇಕು. ಹತ್ತಿ ಬಿಡಿಸೋದಂತೂ ಹೆಣ್ಮಕ್ಕಳ ಕೆಲಸ, ಕೆಜಿ ಲೆಕ್ಕದ ಕೂಲಿ. ಇವತ್ತ ಹೋಗಲಿಲ್ಲಂದ್ರ ಇವತ್ತಿನ ರೊಕ್ಕ ಇಲ್ಲ. ಒಣಗಿದ ಹತ್ತಿಕಾಯಿ ಸಿಪ್ಪಿ ಚುಚ್ಚಿ ಚುಚ್ಚಿ ಉಗುರಿನ ಸಂದ್ಯಾಗ ಗಾಯ ಆಗಿರ್ತಾವ. ಅದೇ ಕೈಲೆ ಸಂಜಿಕಿ ಬಂದು ಚಕ್ಲಿ ಹಿಟ್ಟಿಗಿ ಖಾರ, ಉಪ್ಪು ಹಾಕಿ ಕಲಸಬೇಕು. ಹ್ಯಾಂಗ ಚುರುಚುರು ಅಂತದ ಅಂತ ಕಲಸಿದವರಿಗೇ ಗೊತ್ತು.

ಇನ್ನ ಮನಿ ಕೆಲಸ ಬ್ಯಾರೆ. ಗ್ವಾಡಿಗಿ ಸುಣ್ಣ. ವರ್ಷದ ಕೌದಿ ಎಲ್ಲಾ ಹೊತ್ತುಕೊಂಡು ಹೋಗಿ ಒಗಿಯೋದು. ಒದ್ದಿ ಆದ ಕೌದಿ ಒಬ್ಬಾಕಿ ಕೈಲೆ ಹಿಂಡಲಾಕ ಆಗಂಗಿಲ್ಲ, ಇನ್ನೊಬ್ಬಾಕಿ ಬೇಕೇ ಬೇಕು. ಕರ್ಚಿಕಾಯಿ, ಶಂಕರಪಾಳಿ, ರವಾ ಉಂಡಿ, ಬೇಸನ್ ಉಂಡಿ. ಸಂಘದ ವಾರದ ಕಂತು ಹಬ್ಬ ಅಂತ ನಿಂದ್ರಂಗಿಲ್ಲ. ಸಂಡೇ ಸ್ಕೂಲಿನ ನಾಟಕದಾಗ ನಮ್ಮ ಹುಡುಗ ಕುರುಬ ಆಗ್ಯಾನಂತ, ಅವನ ತಲಿಗಿ ಸುತ್ತಲಾಕ ಮಾವನವರ ಟವೆಲ್ಲು ಹುಡುಕಬೇಕು. ಹುಡುಗಿ ದೇವದೂತ ಆಗ್ಯಾಳ, ಆಕಿಗಿ ರಟ್ಟಿನ ರೆಕ್ಕಿ ಕತ್ತರಿಸಬೇಕು. ರಾತ್ರಿ ಭಜನಿ ತಂಡ ಮನಿ ಮನಿಗಿ ಹಾಡ್ಕೋತ ಬರ್ತದ, ಇಪ್ಪತ್ತು ಮಂದಿಗಿ ಚಾ ಇಡಬೇಕು. ನಡಬರಕ ಎಳ್ಳ ಅಮಾಸಿ ಬರ್ತದ. ನೀವು ಹೊಲಕ್ಕ ಚರಗ ಚೆಲ್ಲಿ ಬಂದು ನಮಗ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ ತುಂಬಿ ಕಳಿಸ್ತೀರಿ. ಆ ತಾಟು ಬರಿದು ತಿರುಗಿ ಕೊಡ್ಲಾಕ ಬರ್ತದೇನು? ಅದಕ್ಕೂ ಏನರ ಮಾಡಬೇಕು. (ಭಜ್ಜಿ ಕಳಿಸೋದು ಮಾತ್ರ ಬಿಡಬ್ಯಾಡ್ರಿ. ಅದರ ಸಲುವಾಗೇ ನಮ್ಮ ಮನ್ಯಾಗ ಅಮಾಸಿ ದಾರಿ ಕಾಯ್ತಾರ.)

ಇಷ್ಟೆಲ್ಲಾ ಮಾಡಿ, ಸೊಂಟ ಹಿಡಕೊಂಡು ಐತವಾರ ಆರಾಧನಿಗಿ ಹೋಗಿ ಕುಂತ್ರ, ಆಗಮನ ಕಾಲದಾಗ ತಪ್ಪದೇ ಬರೋ ಪ್ರಸಂಗ ಯಾವುದು ಗೊತ್ತೇನು? ಮಾರ್ಥಳದು. ಲೂಕನ ಸುವಾರ್ತೆ 10ನೇ ಅಧ್ಯಾಯ. ಯೇಸುಸ್ವಾಮಿ ಅಕ್ಕತಂಗೇರ ಮನಿಗಿ ಬರ್ತಾನ. ಮಾರ್ಥ ಅಡಗಿ ಮನ್ಯಾಗ ಒದ್ದಾಡ್ತಾಳ, ಮರಿಯ ಸ್ವಾಮಿ ಪಾದದ ಹತ್ತಿರ ಕುಂತು ಮಾತು ಕೇಳ್ತಾಳ. ಮಾರ್ಥ ಬಂದು, ಈಕಿಗಿ ಎದ್ದು ನನಗ ಕೈ ಹಚ್ಚಲಾಕ ಹೇಳು ಅಂತಾಳ. ಸ್ವಾಮಿ ಮಾರ್ಥಳಿಗೇ ಬುದ್ಧಿ ಹೇಳ್ತಾನ: ನೀ ಹತ್ತು ಚಿಂತಿ ಹಚ್ಚಿಕೊಂಡಿದ್ದಿ, ಬೇಕಾಗಿದ್ದು ಒಂದೇ, ಮರಿಯ ಅದನ್ನ ಆರಿಸಿಕೊಂಡಾಳ. ಇಷ್ಟು ಓದಿ, "ಸಹೋದರಿಯರೇ, ಮಾರ್ಥಳಂಗ ಆಗಬ್ಯಾಡ್ರಿ, ಹಬ್ಬದ ಗದ್ದಲದಾಗ ದೇವರನ್ನ ಮರೀಬ್ಯಾಡ್ರಿ" ಅಂತ ಹೇಳಿ ಪ್ರಸಂಗ ಮುಗಿಸ್ತಾರ. ಮುಗಿಸಿ ಊಟಕ್ಕ ಯಾರ ಮನಿಗಿ ಹೋಗ್ತಾರ? ಮಾರ್ಥಳ ಮನಿಗೇ.

ನನಗ ಈ ಪ್ರಸಂಗ ಒಪ್ಪಿಗಿ ಇಲ್ಲ. ದೇವರ ವಾಕ್ಯ ಒಪ್ಪಿಗಿ ಇಲ್ಲ ಅಂತ ಅಲ್ಲ, ಅದನ್ನ ನಮ್ಮ ಮ್ಯಾಲ ಹೊರಸೋ ರೀತಿ ಒಪ್ಪಿಗಿ ಇಲ್ಲ. ಅಲ್ಲಿ ಸ್ವಾಮಿ ಅಡಗಿ ಮಾಡಬ್ಯಾಡ ಅಂತ ಎಲ್ಲೂ ಅಂದಿಲ್ಲ. ಹತ್ತು ಚಿಂತಿ ಬಗ್ಗೆ ಅಂದಾನ. ಮಾರ್ಥ ಕೆಟ್ಟದ್ದು ಕೆಲಸದಿಂದ ಅಲ್ಲ. ಕೆಲಸ ಮಾಡ್ಕೋತ ತಂಗಿ ಕಡಿ ವಾರಿಗಣ್ಣಲೆ ನೋಡಿದ್ಲಲ್ಲ, ಅದರಿಂದ ಆಕಿ ಮನಸ್ಸು ಕೆಟ್ಟಿತು. ಅಷ್ಟಕ್ಕೂ ಲೂಕನದ್ದು ಓದೋರು ಯೋಹಾನನದ್ದು ಯಾಕ ಓದಂಗಿಲ್ಲ? 11ನೇ ಅಧ್ಯಾಯದಾಗ ತಮ್ಮ ಲಾಜರ ಸತ್ತಾಗ ಊರ ಹೊರಗ ಎದುರು ಹೋಗಿ, ನೀನೇ ಬರಬೇಕಾಗಿದ್ದ ಕ್ರಿಸ್ತ ಅಂತ ಬಾಯಿಬಿಟ್ಟು ಹೇಳಿದಾಕಿ ಇದೇ ಮಾರ್ಥ. ಪೇತ್ರ ಹೇಳಿದ್ದಕ್ಕ ಇಷ್ಟು ದೊಡ್ಡ ಹೆಸರದ, ಮಾರ್ಥ ಹೇಳಿದ್ದು ಎಷ್ಟು ಮಂದಿಗಿ ಗೊತ್ತು? ಮುಂದ 12ನೇ ಅಧ್ಯಾಯದಾಗ ಬೇಥಾನ್ಯದಾಗ ಊಟ ಇರ್ತದ. ಅಲ್ಲಿ ಮತ್ತ ಮಾರ್ಥನೇ ಬಡಸ್ತಾಳ. ಈ ಸಲ ಯಾರೂ ಆಕಿಗಿ ಏನೂ ಅನ್ನಂಗಿಲ್ಲ. ಕೆಲಸ ಅದೇ, ಕೈ ಅವೇ. ನಡುವ ಏನೋ ಬದಲಾಗ್ಯದ. ಅದೇನಂತ ಹುಡುಕಬೇಕಾದದ್ದು ನಾವು.

ಯಾಕ ಇಷ್ಟು ಜೋರಾಗಿ ಹೇಳ್ಲಾಕತ್ತೀನಿ ಅಂದ್ರ, ನನ್ನ ಸಣ್ಣ ನೆಗೆಣ್ಣಿ ನಾಕು ವರ್ಷದಿಂದ ಕ್ರಿಸ್‌ಮಸ್ ಹಿಂದಿನ ರಾತ್ರಿ ಆರಾಧನಿಗಿ ಬಂದೇ ಇಲ್ಲ. ಮದ್ವಿಯಾಗಿ ಬಂದ ವರ್ಷ ಬಂದಿದ್ಲು, ಅಷ್ಟೇ. ಆಮ್ಯಾಲ ಒಂದು ವರ್ಷ ಬಾಣಂತಿ, ಒಂದು ವರ್ಷ ಕೂಸಿಗಿ ಜ್ವರ, ಆಮ್ಯಾಲ ಎರಡು ವರ್ಷ ಮರುದಿನ ಬರೋ ಬೀಗರಿಗಿ ಅಡಗಿ. ಮಸಾಲಿ ರುಬ್ಬಬೇಕು, ಅಕ್ಕಿ ಹಸನ ಮಾಡಬೇಕು, ಯಾರರ ಒಬ್ಬರು ಮನ್ಯಾಗ ಇರಲೇಬೇಕು, ಆ ಒಬ್ಬರು ಯಾವತ್ತೂ ಆಕಿನೇ. ಹೋದ ವರ್ಷ ರಾತ್ರಿ ಒಂದು ಗಂಟಿಗಿ ನಾವೆಲ್ಲಾ ತಿರುಗಿ ಬಂದಾಗ ಆಕಿ ಕಟ್ಟಿ ಮ್ಯಾಲ ಕುಂತಿದ್ಲು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. "ಅಕ್ಕಾ, ಯಾವ್ಯಾವ ಹಾಡು ಹಾಡಿದ್ರಿ?" ಅಂತ ಕೇಳಿದ್ಲು. ನಾ ಒಂದೊಂದೇ ಹೇಳಿದೆ. ಆಕಿ ಒಂದೊಂದಕ್ಕೂ ಗೋಣು ಹಾಕಿದ್ಲು. ಆ ಹೆಣ್ಮಗಳಿಗಿ ಐತವಾರ ಕುಂದ್ರಿಸಿ "ಮಾರ್ಥಳಂಗ ಆಗಬ್ಯಾಡ" ಅಂತ ಹೇಳೋದು ನ್ಯಾಯ ಏನ್ರಿ?

ಭಕ್ತಿ ಬೇಕಂದ್ರ ಕೆಲಸ ಬಿಟ್ಟು ಬಾ ಅನ್ನೋದು ಕೆಲಸ ಬಿಡ್ಲಾಕ ಅನುಕೂಲ ಇದ್ದವರ ಮಾತು. ನಮ್ಮ ಆಯಂದಿರು ಹಂಗ ಅಂದವರಲ್ಲ. ಕೋಳಿ ಕೂಗೋಕಿಂತ ಮೊದಲ ಎದ್ದು ಬೀಸೋ ಕಲ್ಲಿನ ಮುಂದ ಕುಂದರ್ತಿದ್ರು. ಆ ದೊಡ್ಡ ಕಲ್ಲು ಬರೇ ಕೈಬಲದಲೆ ತಿರುಗಂಗಿಲ್ಲ, ಬಾಯಾಗ ಪದ ಇದ್ರನೇ ಕೈಗಿ ಲಯ ಸಿಗತದ. ತವರು, ಅಣ್ಣ, ಕೂಸು, ಸತ್ತುಹೋದವರು, ದೇವರು, ಎಲ್ಲಾ ಆ ಪದದಾಗ ಬರ್ತಿದ್ರು. ನಮ್ಮ ಆಯಿ ಬೀಸೋ ಪದದ ಧಾಟಿ ಮ್ಯಾಲೇ ಯೇಸುಸ್ವಾಮಿ ಗೋದಲ್ಯಾಗ ಹುಟ್ಟಿದ್ದು ಹೇಳ್ತಿದ್ಲು. ಬಾಜೂ ಮನಿ ಆಯಿ ಅದೇ ಧಾಟಿ ಮ್ಯಾಲ ಮೈಲಾಪುರದ ಮಲ್ಲಯ್ಯನ್ನ ನೆನೀತಿದ್ಲು. ಗ್ವಾಡಿ ಒಂದೇ, ಈ ಕಡಿ ಈಕಿ, ಆ ಕಡಿ ಆಕಿ. ಒಬ್ಬಾಕಿ ಉಸರು ಹಿಡದ್ರ ಇನ್ನೊಬ್ಬಾಕಿ ಎತ್ತಿಕೊಳ್ತಿದ್ಲಂತ. ವಿಜಯಪುರ ಜಿಲ್ಲಾದ ಹಲಸಂಗಿ ಗೆಳೆಯರು ಊರೂರು ತಿರುಗಿ ಇಂಥ ಪದಗಳನ್ನ ಕೇಳಿ ಬರಕೊಂಡು 'ಗರತಿಯ ಹಾಡು' ಅಂತ ಪುಸ್ತಕ ಮಾಡಿದ್ರು. ಅದರಾಗ ಹೆಚ್ಚಿನವು ಬೀಸೋ ಹೊತ್ತಿನ, ಕುಟ್ಟೋ ಹೊತ್ತಿನ ಪದಗಳೇ. ಅಂದ್ರ ಏನಾತು? ಪುರಸತ್ತು ಸಿಕ್ಕಾಗ ಹುಟ್ಟಿದವಲ್ಲ ಅವು.

ಆಮ್ಯಾಲ ಗಿರಣಿ ಬಂತು. ಬರಲಿ, ಒಳ್ಳೇದಾತು. ಬೀಸೋ ಕಲ್ಲು ತಿರುಗಿ ತರ್ರಿ ಅಂತ ನಾ ಅನ್ನಂಗಿಲ್ಲ, ಅದರಿಂದ ನಮ್ಮ ಆಯಿ ರಟ್ಟಿ ಬಿದ್ದು ಹೋಗಿದ್ದು ಕಣ್ಣಾರೆ ಕಂಡೀನಿ. ಆದರ ಗಿರಣಿ ಕಲ್ಲನ್ನ ಒಯ್ಯೋ ಮುಂದ ಪದಾನೂ ಒಯ್ತು. ಉಳಿದ ಹೊತ್ತು ಎಲ್ಲಿ ಹೋತು? ನಮ್ಮವ್ವನ ಕಾಲದಾಗ ಹಬ್ಬಕ್ಕ ಮೂರು ಥರ ತಿನಸು. ಈಗ ನಮ್ಮ ಡಬ್ಬಿ ಎಣಿಸಿರಿ, ಒಂಬತ್ತು ಅವ. ಮ್ಯಾಲ ಬೇಕರಿ ಕೇಕು. ಹಿಟ್ಟು ಬೀಸೋ ಹೊತ್ತು ಉಳೀತು, ಆರು ಥರ ತಿನಸು ಹೆಚ್ಚಾದವು, ಹಾಡು ಮಾತ್ರ ಮೊಬೈಲ್‌ನಾಗ ಹೋಗಿ ಕುಂತದ.

ದೂರದ ಒಬ್ಬ ತಾಯಿ ಕತಿ ಹೇಳ್ತೀನಿ. ನಮ್ಮ ಮೆಥೋಡಿಸ್ಟ್ ಸಭೆ ಸುರು ಆಗಿದ್ದು ಜಾನ್ ವೆಸ್ಲಿ, ಚಾರ್ಲ್ಸ್ ವೆಸ್ಲಿ ಅನ್ನೋ ಅಣ್ಣತಮ್ಮಂದಿರಿಂದ. ಅವರ ತಾಯಿ ಸುಸಾನಾ ವೆಸ್ಲಿ, ಮುನ್ನೂರು ವರ್ಷದ ಹಿಂದಿನಾಕಿ, ಇಂಗ್ಲೆಂಡಿನ ಎಪ್‌ವರ್ತ್ ಅನ್ನೋ ಸಣ್ಣ ಊರಾಗ ಇದ್ದಾಕಿ. ಹಡದದ್ದು 19 ಮಕ್ಕಳು. ಅದರಾಗ ಎಷ್ಟೋ ಕೂಸಿದ್ದಾಗೇ ತೀರಿಕೊಂಡ್ವು. ಗಂಡ ಸಭಾಪಾಲಕ, ಸಾಲ ಮಾತ್ರ ಕುತ್ತಿಗಿ ಮಟ್ಟ. ಆ ಮನ್ಯಾಗ ಏಕಾಂತಕ್ಕ ಕೋಣಿ ಎಲ್ಲಿಂದ ಬರಬೇಕು? ಹೇಳೋ ಮಾತೇನಂದ್ರ, ಆಕಿ ಪ್ರಾರ್ಥನಿ ಮಾಡಬೇಕಾದಾಗ ಅಡಗಿ ಮಾಡೋ ಮುಂದ ಸೊಂಟಕ್ಕ ಕಟ್ಟಿದ ಅರಿವಿನೇ ಮ್ಯಾಲಕ್ಕ ಎತ್ತಿ ತಲಿ ಮ್ಯಾಲ ಹಾಕ್ಕೊಂಡು ಕುಂದರ್ತಿದ್ಲಂತ. ಅವ್ವ ಮುಸುಕು ಹಾಕ್ಯಾಳಂದ್ರ ಮಕ್ಕಳು ಗದ್ದಲ ಮಾಡ್ತಿದ್ದಿಲ್ಲ. ನಮಗ ಇದು ಬಿಡಿಸಿ ಹೇಳಬೇಕೇನು? ದೇವರು ನಮಗ ಸೆರಗು ಕೊಟ್ಟಾನ. ಅದು ಬಿಸಿ ಪಾತ್ರಿ ಇಳಸ್ಲಾಕ, ಕೂಸಿನ ಮೂಗು ಒರಸ್ಲಾಕ, ಕಣ್ಣೀರು ಒರಸಿಕೊಳ್ಲಾಕ ಆಗ್ತದಂದ್ರ ಐದು ನಿಮಿಷ ಗುಡಿ ಆಗ್ಲಾಕ ಯಾಕ ಆಗಬಾರದು?

ಆಕಿದು ಇನ್ನೊಂದು ಮಾತದ, ಅದು ನನಗ ಇನ್ನಾ ಇಷ್ಟ. 1711–12ರ ಚಳಿಗಾಲದಾಗ ಗಂಡ ಲಂಡನ್ನಿಗಿ ಹೋಗಿದ್ದ. ಈಕಿ ಐತವಾರ ಸಂಜಿಕಿ ಅಡಗಿ ಮನ್ಯಾಗ ಮಕ್ಕಳನ್ನ ಕುಂದ್ರಿಸಿಕೊಂಡು ವಾಕ್ಯ ಓದ್ತಿದ್ಲು. ಆಳುಮಕ್ಕಳು ಬಂದ್ರು, ಬಾಜೂ ಮನಿಯವರು ಬಂದ್ರು, ಬರಬರತ ಇನ್ನೂರರ ತನಕ ಮಂದಿ ಆದ್ರು. ಆ ಊರಾಗಿದ್ದ ಸಹಾಯಕ ಪಾಲಕನಿಗಿ ಇದು ಸೇರಲಿಲ್ಲ, ಗಂಡಗ ಪತ್ರ ಬರದ. ಗಂಡ, ಬಿಡು ಅಂದ. ಈಕಿ ತಿರುಗಿ ಬರದದ್ದರ ಸಾರಾಂಶ ಇಷ್ಟು: ನೀ ಬರೇ ಹೇಳಿದ್ರ ಬಿಡಂಗಿಲ್ಲ, ಖಡಾಖಡಿ ಅಪ್ಪಣಿ ಕೊಡು, ನಾಳಿಗಿ ದೇವರು ಕೇಳಿದ್ರ ಉತ್ತರ ನೀನೇ ಕೊಡಬೇಕು. ಆ ಹೊತ್ತಿಗಿ ಜಾನ್‌ಗ ಎಂಟು ವರ್ಷ. ಮುಂದ ಲೋಕ ತಿರುಗಿ ಪ್ರಸಂಗ ಮಾಡಿದ ಮನಷ್ಯಾ ಮೊದಲ ಕುಂತು ಕೇಳಿದ್ದು ಅವ್ವನ ಅಡಗಿ ಮನ್ಯಾಗ.

ಹಂಗಂತ ಎಲ್ಲಾ ಕೆಲಸಾನೂ ಪೂಜೆ ಅಂತ ತಿಳಕೊಂಡು ದುಡದು ಸಾಯಿರಿ ಅಂತ ನಾ ಹೇಳಂಗಿಲ್ಲ. ಕೆಲಸದಾಗ ಎರಡು ಥರ ಅವ. ಒಂದು ಹೊಟ್ಟಿ ತುಂಬಸೋದು, ಒಂದು ಮಂದಿ ಕಣ್ಣು ತುಂಬಸೋದು. ಹೊಟ್ಟಿದು ಮಾಡ್ಲಾಕೇ ಬೇಕು. ಕಣ್ಣಿಂದು ಅರ್ಧಾಕ್ಕರ್ಧಾ ಬಿಟ್ರೂ ಯಾರೂ ಉಪವಾಸ ಬೀಳಂಗಿಲ್ಲ. ನಮ್ಮ ಪೈಕಿ ಒಬ್ಬಾಕಿ ಹೋದ ಹಬ್ಬಕ್ಕ ಬೀಗರ ಮನಿಯ ಐದು ಹೆಣ್ಮಕ್ಕಳಿಗಿ ಸೀರಿ ಕೊಡಬೇಕಂತ ಸಂಘದಾಗ ಸಾಲ ಎತ್ತಿದ್ಲು. ಅವರು ಕೇಳಿದ್ದಿಲ್ಲ, ಆದರ ಹಿಂದಿನ ವರ್ಷ ಅವರು ಈಕಿಗಿ ಕೊಟ್ಟಿದ್ರು. ಜನವರ್ಯಾಗ ಕಂತು ತಪ್ಪಿತು. ಮನಿ ಮುಂದ ಬಂದು ನಿಂತವರು ಆಡಿದ ಮಾತು ಓಣಿ ಎಲ್ಲಾ ಕೇಳಿತು. ಫೆಬ್ರುವರ್ಯಾಗ ಆಕಿ ಕಿವ್ಯಾಗ ಬೆಂಡೋಲಿ ಬದಲು ಬೇವಿನ ಕಡ್ಡಿ ಇತ್ತು. ಈ ವರ್ಷ ಆಗಮನ ಕಾಲ ಬರ್ತಂದ್ರ ಆಕಿಗಿ ಎದಿ ಝಲ್ ಅಂತದಂತ. ಸುವಾರ್ತೆ ಬಡವರಿಗಿ ಸಂತೋಷದ ಸುದ್ದಿ ಅಂತದ. ನಾವು ಅದೇ ಹಬ್ಬಾನ ಬಡವರಿಗಿ ಹೆದರಿಕಿ ಮಾಡಿ ಇಟ್ಟೀವಿ. ಇದು ಗಂಡಸರು ಮಾಡಿದ್ದಲ್ಲ, ನಾವೇ ಒಬ್ಬರಿಗೊಬ್ಬರು ಮಾಡ್ಲಾಕತ್ತೀವಿ.

ಈ ಮಾತಿಗಿ ನನಗ ಬೈಬಲ್ ಬಿಟ್ಟು ಆಯ್ದಕ್ಕಿ ಲಕ್ಕಮ್ಮನೇ ನೆನಪಾಗ್ತಾಳ. ಆಕಿ ನಮ್ಮ ಸೀಮಿಯಾಕೇ ಅನ್ನಬೇಕು, ಕೃಷ್ಣಾ ಹೊಳಿ ಆಚಿ, ಲಿಂಗಸುಗೂರ ಕಡಿ ಅಮರೇಶ್ವರದವರು ಆ ಗಂಡಹೆಂಡತಿ. ಕಲ್ಯಾಣಕ್ಕ ಹೋಗಿ, ಅಂಗಳದಾಗ ಬಿದ್ದ ಅಕ್ಕಿ ಆಯ್ದು ತಂದು, ಅದರಾಗೇ ಜಂಗಮರಿಗಿ ದಾಸೋಹ ಮಾಡ್ತಿದ್ರು. ಒಂದಿನ ಗಂಡ ಮಾರಯ್ಯ ದಿನಾ ತರೋದಕ್ಕಿಂತ ಹೆಚ್ಚಿಗಿ ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಇದು ನಮಗ ಬೇಕಾದದ್ದಕ್ಕಿಂತ ಹೆಚ್ಚಾತು, ಎಲ್ಲಿಂದ ತಂದಿ ಅಲ್ಲೇ ಸುರುವಿ ಬಾ ಅಂತ ತಿರುಗಿ ಕಳಿಸಿದ್ಲು. ಜಂಗಮರಿಗಿ ನೀಡೋ ಅಕ್ಕಿನೇ ಅದು, ತಮ್ಮ ಹೊಟ್ಟಿಗಲ್ಲ. ಆದರೂ ಹೆಚ್ಚು ಅಂದ್ರ ಹೆಚ್ಚೇ ಅಂತ ಆಕಿ ಲೆಕ್ಕ. ಒಂಬತ್ತು ಡಬ್ಬಿ ಮುಂದ ನಿಂತಾಗ ನನಗ ಆ ಹೆಣ್ಮಗಳು ಬಾಗಲಾಗ ನಿಂತು ನೋಡಿದಂಗ ಆಗ್ತದ. ಈ ವರ್ಷ ನಮ್ಮ ಮನ್ಯಾಗ ನಾಕೇ ಥರ. ಸೀರಿ ಕೊಡೋದು, ತಗೋಳೋದು ಎರಡೂ ಬಂದ್. ಬೀಗತ್ಯಾರಿಗಿ ಫೋನ್ ಹಚ್ಚಿ ಮೊದಲೇ ಹೇಳೀನಿ. ಆ ಕಡಿಯಿಂದ ಒಂದು ಗಳಿಗಿ ಮಾತಿಲ್ಲ. ಆಮ್ಯಾಲ "ಯವ್ವಾ, ಛಲೋ ಮಾಡಿದ್ರಿ, ನಾನೂ ಹ್ಯಾಂಗ ಹೇಳಲಿ ಅಂತ ಕುಂತಿದ್ದೆ" ಅಂದ್ರು.

ಗಂಡಸರ ಬಗ್ಗೆ ಎರಡೇ ಮಾತು. ಚುಕ್ಕಿ ಕಟ್ಟೋದು, ಸೀರಿಯಲ್ ಲೈಟು ಹಾಕೋದು, ಅದರ ಫೋಟೋ ಹೊಡಿಯೋದು, ಇಷ್ಟಕ್ಕೇ ಅವರ ಹಬ್ಬದ ಕೆಲಸ ಮುಗೀತಂತ ಯಾರು ಹೇಳ್ಯಾರ? ಒದ್ದಿ ಕೌದಿ ಹಿಂಡಲಾಕ ಅವರ ರಟ್ಟಿ ಹೆಣ್ಮಕ್ಕಳ ರಟ್ಟಿಗಿಂತ ಗಟ್ಟಿ ಇರ್ತಾವ. 24ರ ರಾತ್ರಿ ಮನ್ಯಾಗ ಒಬ್ಬರು ಇರಲೇಬೇಕಂದ್ರ ಪಾಳಿ ಹಚ್ಚಲಿ. ಈ ಸಲ ನಮ್ಮ ಮೈದುನನ ಪಾಳಿ. ಅವನಿಗಿ ಹೇಳಿ ಆಗ್ಯದ, ಅಂವ ಹೂಂ ಅಂದಾನ, ಅತ್ತೆಮ್ಮ ಮಾರಿ ತಿರುವಿಕೊಂಡಾರ. ತಿರುವಿಕೊಳ್ಳಲಿ.

ಇನ್ನ ಈ ಕಾಲದ ದೀಪದ ವಿಷಯ. ಈಗ ದೊಡ್ಡ ಊರಿನ ಚರ್ಚಿನಾಗ ಹಸರು ಎಲಿ ಸುತ್ತಿದ ಚಕ್ರದ ಮ್ಯಾಲ ನಾಕು ಮೇಣಬತ್ತಿ ಇಟ್ಟು, ವಾರಕ್ಕೊಂದು ಹಚ್ಚತಾರ. ಅಂಗಡ್ಯಾಗ ತಗೋಳೋದಂದ್ರ ಅದಕ್ಕೂ ರೊಕ್ಕ ಬೇಕು. ಅದು ಹುಟ್ಟಿದ್ದು ಹ್ಯಾಂಗ ಗೊತ್ತೇನು? 1839ರಾಗ ಜರ್ಮನಿಯ ಹ್ಯಾಂಬರ್ಗ್‌ದಾಗ ಯೋಹಾನ್ ವಿಖರ್ನ್ ಅನ್ನೋ ಪಾಲಕ ಗತಿ ಇಲ್ಲದ ಹುಡುಗರನ್ನ ಸಾಕ್ತಿದ್ದ. ಆ ಹುಡುಗರು ದಿನಾ ಬೆಳಗಾದ್ರ "ಹಬ್ಬ ಯಾವಾಗ, ಹಬ್ಬ ಯಾವಾಗ" ಅಂತ ಜೀವ ತಿಂತಿದ್ವು. ಅಂವ ಒಂದು ಹಳೇ ಬಂಡಿ ಗಾಲಿ ತಂದು ಅದರ ಮ್ಯಾಲ ಐತವಾರಕ್ಕೊಂದು ದೊಡ್ಡ ಬಿಳಿ ಬತ್ತಿ, ಉಳಿದ ದಿನಕ್ಕೊಂದೊಂದು ಸಣ್ಣ ಕೆಂಪು ಬತ್ತಿ ಇಟ್ಟ, ಹುಡುಗರು ಎಣಿಸಿಕೊಳ್ಳಲಿ ಅಂತ. ಬಂಡಿ ಗಾಲಿ ನಮ್ಮ ಊರಿಗಿ ಹೊಸಾದೇನು? ನಮ್ಮ ಮನ್ಯಾಗ ನಾಕು ಮಣ್ಣಿನ ಪಣತಿ ಇಡ್ತೀವಿ, ಬಾಜೂ ಮನಿಯವರು ದೀಪಾವಳಿಗಿ ತಂದು ಉಳಿದವು. ಸಂಜಿ ರೊಟ್ಟಿ ಬಡಿಯೋಕಿಂತ ಮೊದಲ ಹಚ್ಚಿ, ಎಲ್ಲಾರೂ ನಿಂತು ಒಂದು ಹಾಡು. ಐದು ನಿಮಿಷ. ಸಣ್ಣ ಹುಡುಗಿಗಿ ಎಣ್ಣಿ ಹಾಕೋ ಕೆಲಸ, ಆಕಿಗಿ ಅದೇ ದೊಡ್ಡ ಹಬ್ಬ.

ಹಾದಿ ಕಾಯೋದು ಅಂದ್ರ ಏನಂತ ನಮ್ಮ ಭಾಗದ ತಾಯಂದಿರಿಗಿ ಯಾರೂ ಪ್ರಸಂಗ ಮಾಡಿ ಕಲಿಸಬೇಕಾಗಿಲ್ಲ. ಪ್ರತಿ ಓಣ್ಯಾಗ ಬೆಂಗಳೂರಿಗೋ ಪುಣೆಗೋ ಮುಂಬೈಗೋ ದುಡಿಲಾಕ ಹೋದವರ ಮನಿ ಅವ. ಕಟ್ಟಡದ ಕೆಲಸ, ತಗಡಿನ ಶೆಡ್ಡಿನಾಗ ಬಾಳೇವು. ಕೂಸು ಕುನ್ನಿ ಅಜ್ಜಿ ಹತ್ತಿರ. ಡಿಸೆಂಬರ್ ಬಂತಂದ್ರ ಆ ಅಜ್ಜಿಯಂದಿರು ರಾತ್ರಿ ಬಸ್ಸಿನ ಸಪ್ಪಳಕ್ಕ ಕಿವಿ ಕೊಟ್ಟು ಮಲಗ್ತಾರ. ಬರ್ತೀನಂದ ಮಗ 23ನೇ ತಾರೀಖಿಗಿ ಫೋನ್ ಮಾಡಿ, ಸೂಟಿ ಕೊಡವಲ್ರವ್ವ, ಸ್ಲ್ಯಾಬು ಅದ ಅಂತಾನ. ಆ ಹೊತ್ತಿನಾಗ ಡಬ್ಬಿ ತುಂಬ ಇರೋ ಕರ್ಚಿಕಾಯಿ ನೋಡಿದ್ರ ಹೊಟ್ಟ್ಯಾಗ ಹ್ಯಾಂಗ ಆಗ್ತದ, ಅದು ಬರಿಯೋ ಮಾತಲ್ಲ. ಅಂಥಾಕಿಗಿ ಹಬ್ಬದ ಸಂತೋಷ ಎಲ್ಲಿಂದ ತರೋದು? "ದೇವರ ಮ್ಯಾಲ ಭಾರ ಹಾಕು" ಅಂತ ಹೇಳಿ ಎದ್ದು ಬರೋದು ಸರಳ.

ನನಗ ಉತ್ತರ ಸಿಕ್ಕಿದ್ದು ಲೂಕನ ಮೊದಲನೇ ಅಧ್ಯಾಯದಾಗ. ಗಬ್ರಿಯೇಲ ದೂತ ಬಂದು ಹೋದ ಮ್ಯಾಲ ಯೇಸುವಿನ ತಾಯಿ ಮರಿಯ ಏನು ಮಾಡಿದ್ಲು? ದೇವಾಲಯಕ್ಕ ಓಡಲಿಲ್ಲ, ಕೋಣಿ ಬಾಗಲ ಹಾಕ್ಕೊಂಡು ಕುಂದರಲಿಲ್ಲ. ಬಳಗದಾಕಿ ಎಲಿಸಬೇತಳ ಮನಿಗಿ, ಗುಡ್ಡದ ಸೀಮಿಗಿ ಅವಸರ ಮಾಡಿಕೊಂಡು ಹೋದ್ಲು. ಎಲಿಸಬೇತಳಿಗಿ ಆಗ ಆರು ತಿಂಗಳು, ಮುಪ್ಪಿನಾಗ ನಿಂತ ಬಸರು. ಮರಿಯಳಿಗಿ ಇನ್ನಾ ಹೊಸಾದು, ಮ್ಯಾಲ ಮಂದಿ ಬಾಯಿಗಿ ಬೀಳೋ ಹೆದರಿಕಿ. ಬಾಗಲಾಗ ಒಬ್ಬರನ್ನೊಬ್ಬರು ಕಂಡ ಕೂಡಲೇ ಎಲಿಸಬೇತಳ ಹೊಟ್ಟ್ಯಾಗಿನ ಕೂಸು ಹಿಗ್ಗಿ ಕುಣೀತಂತ ಬರದದ. ಅಲ್ಲೇ ಮರಿಯ ಹಾಡಿದ್ಲು. ಕ್ರಿಸ್‌ಮಸ್ಸಿನ ಮೊದಲನೇ ಹಾಡು ಅದೇ ಅನ್ನಬೇಕು. ಅದು ಹುಟ್ಟಿದ್ದು ಬಳಗದವರ ಮನ್ಯಾಗ, ಹಾದಿ ಕಾಯೋ ಇಬ್ಬರು ಬಸುರೆಂಗಸರ ನಡುವ. (ಮನಿ ಯಜಮಾನ ಜಕರೀಯ ಆ ದಿನಮಾನದಾಗ ಮೂಕ ಆಗಿದ್ದ. ನಾ ಏನೂ ಅನ್ನಂಗಿಲ್ಲ, ಬರದದ್ದು ಹೇಳಿದೆ.) ಮರಿಯ ಹೆಚ್ಚುಕಡಿಮಿ ಮೂರು ತಿಂಗಳು ಅಲ್ಲೇ ಇದ್ಲು. ಆರು ತಿಂಗಳ ಬಸುರಿ ಮನ್ಯಾಗ ಮೂರು ತಿಂಗಳು ಇದ್ದಾಕಿ ಸುಮ್ಮ ಕುಂತಿರ್ತಾಳೇನು? ನೀರು ತಂದಿರಬೇಕು, ರೊಟ್ಟಿ ಸುಟ್ಟಿರಬೇಕು, ಬೆನ್ನು ತಿಕ್ಕಿರಬೇಕು. ಬರದವರು ಗಂಡಸರು, ಅದನ್ನ ಬಿಟ್ಟಾರ.

ಮಗ ಬರಲಿಲ್ಲ ಅಂತ ಕುಂತಾಕಿ ಮನಿಗಿ ಇನ್ನೊಬ್ಬ ಕಾಯೋ ಹೆಣ್ಮಗಳು ಹೋದ್ರ ಮಗ ಬರಂಗಿಲ್ಲ, ಖರೇ. ಆದರ ಎಲಿಸಬೇತಳ ಬಾಗಲಾಗ ಆದದ್ದು ಇಲ್ಲೂ ಒಂದು ಚೂರು ಆಗ್ತದ. ನಾ ಕಂಡೀನಿ. ಹೋದ ವರ್ಷ 23ಕ್ಕ ಅಂಥ ಫೋನ್ ಬಂದ ಮನಿಗಿ ನಾವು ಮೂವರು ಹೋಗಿದ್ವಿ, ನಾನು, ಬಾಜೂ ಮನಿ ಗೌಡತಿ, ಹಿಂದಿನ ಮನಿ ಆಪಾ. ಯಾರೂ ಪ್ರಾರ್ಥನಿ ಮಾಡಿಸಲಿಲ್ಲ, ಉಪದೇಶ ಹೇಳಲಿಲ್ಲ. ಆಕಿ ಎದುರಿಗಿ ಕುಂತು ಆಕಿದೇ ತೊಗರಿ ಬ್ಯಾಳಿ ಹಸನ ಮಾಡಿದ್ವಿ. ಒಂದು ಮರ ಆಗೋದರಾಗ ಆಕಿ ಅತ್ತು ಮುಗಿಸಿದ್ಲು. ಎರಡನೇ ಮರಕ್ಕ ತನ್ನ ಮಗ ಸಣ್ಣಾವಿದ್ದಾಗ ನಾಟಕದಾಗ ಒಂಟಿ ಆಗಿ ಬಿದ್ದದ್ದು ಹೇಳಿ ನಗಸಿದ್ಲು. ಮೂರನೇ ಮರಕ್ಕ ತಾನೇ ಹಾಡು ಎತ್ತಿಕೊಂಡ್ಲು. ನಮ್ಮ ಮೂವರಾಗ ಇಬ್ಬರಿಗಿ ಆ ಹಾಡು ಬರ್ತಿದ್ದಿಲ್ಲ, ಧಾಟಿ ಹಿಡಕೊಂಡು ಗುಂಯ್‌ಗುಡಿದ್ರು. ನಾ ಆ ಸಂಜಿ ಮನ್ಯಾಗ ಮಾಡಬೇಕಂದಿದ್ದ ಶಂಕರಪಾಳಿ ಆಗಲೇ ಇಲ್ಲ. ಯಾರೂ ಕೇಳಲೂ ಇಲ್ಲ.

ಅದಕ್ಕ ಈ ಸಲ ಕರ್ಚಿಕಾಯಿ ಒಬ್ಬೊಬ್ಬರೇ ಮನ್ಯಾಗ ಬಾಗಲ ಹಾಕ್ಕೊಂಡು ಕರಿಯೋದು ಬ್ಯಾಡ ಅಂತ ಮಾಡೀವಿ. ಮೂರನೇ ಐತವಾರದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ನಮ್ಮ ಅಂಗಳದಾಗ ದೊಡ್ಡ ಒಲಿ ಹೂಡ್ತೀವಿ. ಐದು ಮನಿದು ಒಂದೇ ಕಡಿ. ಎಣ್ಣಿ, ಹಿಟ್ಟು ಅವರವರದು, ಕಟಗಿ ನಮ್ಮದು. ಲಟ್ಟಣಿಗಿ ನಮ್ಮಲ್ಲಿ ಎರಡೇ ಅವ, ಬರೋ ಮುಂದ ತರ್ರಿ. ಹತ್ತಿ ಬಿಡಿಸ್ಲಾಕ ಹೋದವರು ಸಂಜಿಕಿ ಬಂದ್ರೂ ನಡೀತದ, ಬೆರಳಿಗಿ ಗಾಯ ಇದ್ದವರು ಹಿಟ್ಟು ಮುಟ್ಟಬ್ಯಾಡ್ರಿ, ಕುಂತು ಕೊಬ್ಬರಿ, ಪುಠಾಣಿ ತುಂಬರಿ. ಆಪಾ ರವಾ ಉಂಡಿ ಪಾಕ ನೋಡ್ತೀನಂದಾರ, ಅದು ಅವರಿಗೇ ಬರೋದು. ಮೊಬೈಲ್‌ನಾಗ ಹಾಡು ಹಚ್ಚಂಗಿಲ್ಲ. ನೆಗೆಣ್ಣಿ ಹೋದ ವರ್ಷ ತಪ್ಪಿದ ಹಾಡೆಲ್ಲಾ ಒಂದು ಹಾಳ್ಯಾಗ ಬರಕೊಂಡಾಳ, ಅವನ್ನ ಅವತ್ತ ಒಂದೊಂದೇ ಹಾಡಸ್ತಾಳಂತ.